ಪಿಸ್ಟನ್‌ನ ಲೋಹದ ಒಡಲಿಗೆ ಸಿರಾಮಿಕ್ ತಲೆಯನ್ನು ಜೋಡಿಸುವುದು: ಲೆಕ್ಕದಿಂದ ಓಟದವರೆಗಿನ ಸಮಗ್ರ ಮಾರ್ಗದರ್ಶಿ

ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದಕ್ಕೆ ಎದುರಾಗಿ ನಿಲ್ಲುವ ಪಿಸ್ಟನ್ ಸಾಮಾನ್ಯವಾಗಿ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದ್ದಾಗಿದ್ದು, ಅದು 600 ಡಿಗ್ರಿಗೂ ಮೊದಲೇ ಕರಗತೊಡಗುತ್ತದೆ ಮತ್ತು ಅದಕ್ಕಿಂತ ಎಷ್ಟೋ ಮುಂಚೆಯೇ ಬಲ ಕಳೆದುಕೊಳ್ಳುತ್ತದೆ. ಬೆಂಕಿಯನ್ನು ಎದುರಿಸುವ ಭಾಗವನ್ನಷ್ಟೇ ಸಿರಾಮಿಕ್‌ನಿಂದ ಮಾಡಿ, ರಿಂಗು, ಗಜನ್ ಪಿನ್ನು (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಅಡ್ಡಕಡ್ಡಿ), ಸ್ಕರ್ಟು (ಸಿಲಿಂಡರಿಗೆ ತಾಗಿ ಜಾರುವ ಕೆಳಗೋಡೆ) ಇವುಗಳನ್ನು ಹೊತ್ತ ಒಡಲನ್ನು ಲೋಹದಲ್ಲೇ ಉಳಿಸಿಕೊಳ್ಳುವ ಆಲೋಚನೆ ಇಲ್ಲಿಂದ ಹುಟ್ಟಿತು. 1970ರ ದಶಕದ ಕೊನೆಯಿಂದ ಅಮೆರಿಕದ ಕಮಿನ್ಸ್ ಕಂಪನಿಯ ರಾಯ್ ಕಾಮೊ ಮತ್ತು ಅಲ್ಲಿನ ಸೇನೆಯ ವಾಹನ ಸಂಶೋಧನಾ ವಿಭಾಗದ ವಾಲ್ಟರ್ ಬ್ರಿಜಿಕ್ ಅವರು ನೀರಿನ ತಂಪು ಬೇಡದ ‘ಅಡಿಯಾಬಾಟಿಕ್’ (ಶಾಖ ಹೊರಹೋಗದಂತೆ ತಡೆಯುವ) ಡೀಸೆಲ್ ಎಂಜಿನ್ನಿಗಾಗಿ ಈ ದಾರಿಯಲ್ಲಿ ಕೆಲಸ ಮಾಡಿದರು. ಜಪಾನಿನಲ್ಲಿ 1985ರಲ್ಲಿ ನಿಸಾನ್ ಫೇರ್‌ಲೇಡಿ ಝಡ್ ಕಾರಿನ ಟರ್ಬೊಚಾರ್ಜರಿಗೆ ಸಿಲಿಕಾನ್ ನೈಟ್ರೈಡ್ ರೋಟರ್ ಬಂದಾಗ, ಸಿರಾಮಿಕ್ ಚಕ್ರವನ್ನು ಉಕ್ಕಿನ ದಂಡಕ್ಕೆ ಕೂಡಿಸುವ ಸಮಸ್ಯೆಯೇ ಅಲ್ಲಿಯೂ ಎದುರಾಗಿತ್ತು.

ಇಂಥ ಕೆಲಸಕ್ಕೆ ಇಳಿಯುವವರು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ ಒಂದಿದೆ. ಜೋಡಣೆ ಗಟ್ಟಿಯಾಗಿದೆಯೇ ಎಂಬುದನ್ನು ಕೆಲಸದ ಮೇಜಿನ ಮೇಲೆ ತಣ್ಣಗಿರುವಾಗ ನೋಡಿ ತೀರ್ಮಾನಿಸಲಾಗದು. ಬಿಸಿಯಾದಾಗ ಎಷ್ಟು ಬಿಗಿ ಉಳಿಯುತ್ತದೆ, ತಣಿಯುವಾಗ ಸಿರಾಮಿಕ್‌ನ ಯಾವ ಅಂಚಿನಲ್ಲಿ ಎಳೆತ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಸಿಕ್ಕ ಬಳಿಕವೇ ಲೋಹವನ್ನು ಲೇತಿಗೆ ಕಟ್ಟಬೇಕು.

ಕೆಳಗಿನ ಲೆಕ್ಕಗಳೆಲ್ಲ ಪ್ರಯೋಗಶಾಲೆಯ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿಗೆ ಸಂಬಂಧಿಸಿದವು. ಸಿಲಿಂಡರಿನ ವ್ಯಾಸ 100 ಮಿ.ಮೀ., ಸ್ಟ್ರೋಕ್ 110 ಮಿ.ಮೀ., ವೇಗ ನಿಮಿಷಕ್ಕೆ 2000 ಸುತ್ತು, ಗರಿಷ್ಠ ಅನಿಲ ಒತ್ತಡ 12 ಮೆಗಾಪಾಸ್ಕಲ್. ರಸ್ತೆಯ ಮೇಲೆ ಓಡುವ ವಾಹನಕ್ಕೆ ಇದನ್ನು ಹಾಗೆಯೇ ಅಳವಡಿಸಬಾರದು.

ಯಾವ ಸಿರಾಮಿಕ್?

ಆಯ್ಕೆ ಮುಖ್ಯವಾಗಿ ಎರಡರ ನಡುವೆ. ಸಿಲಿಕಾನ್ ನೈಟ್ರೈಡ್ ಹಗುರ, ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.2 ಗ್ರಾಂ. ಒಳ್ಳೆಯ ದರ್ಜೆಯದು ಬಾಗುವ ಪರೀಕ್ಷೆಯಲ್ಲಿ 700 ಮೆಗಾಪಾಸ್ಕಲ್‌ಗೂ ಹೆಚ್ಚು ತಾಳುತ್ತದೆ ಮತ್ತು ಹಠಾತ್ತನೆ ಬಿಸಿ-ತಂಪಾದರೂ ಬಿರುಕು ಬಿಡುವುದು ಕಡಿಮೆ. ಆದರೆ ಅದು ಶಾಖವನ್ನು ತಡೆಯುವ ವಸ್ತುವಲ್ಲ. ಅದರ ಉಷ್ಣ ವಾಹಕತೆ ಎರಕದ ಕಬ್ಬಿಣದ ವಾಹಕತೆಗಿಂತ ತೀರ ಕಡಿಮೆಯೇನಲ್ಲ. ಆದ್ದರಿಂದ ಶಾಖ ತಡೆಯಬೇಕಿದ್ದರೆ ತಲೆಯ ಅಡಿಯಲ್ಲಿ ಗಾಳಿಯ ಪದರ ಬಿಡಲೇಬೇಕು. ಭಾಗಶಃ ಸ್ಥಿರೀಕರಿಸಿದ ಜಿರ್ಕೋನಿಯಾ ಇದಕ್ಕೆ ವಿರುದ್ಧ. ಮೀಟರಿಗೆ, ಡಿಗ್ರಿಗೆ 2ರಿಂದ 3 ವಾಟ್ ಮಾತ್ರ ಸಾಗಿಸುವ ಅದು ನಿಜವಾದ ಶಾಖನಿರೋಧಕ, ಆದರೆ ಸಾಂದ್ರತೆ 6ಕ್ಕೆ ಹತ್ತಿರವಿರುವುದರಿಂದ ಭಾರ.

ಜೋಡಿಸುವವರ ಕಣ್ಣಿನಲ್ಲಿ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಹಿಗ್ಗುವಿಕೆಯದು. ಪ್ರತಿ ಡಿಗ್ರಿಗೆ ಸಿಲಿಕಾನ್ ನೈಟ್ರೈಡ್ ಹತ್ತು ಲಕ್ಷದಲ್ಲಿ ಸುಮಾರು 3.2 ಪಾಲು ಹಿಗ್ಗಿದರೆ, ಜಿರ್ಕೋನಿಯಾ ಸುಮಾರು 10 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣದ್ದು ಸುಮಾರು 11, ಉಕ್ಕಿನದು 12, ಪಿಸ್ಟನ್ ಅಲ್ಯೂಮಿನಿಯಂನದು 20ರ ಆಸುಪಾಸು. ಅಂದರೆ ಜಿರ್ಕೋನಿಯಾ ಎರಕದ ಕಬ್ಬಿಣಕ್ಕೆ ಸಹಜವಾಗಿ ಹೊಂದುವ ಜೊತೆಗಾರ, ಸಿಲಿಕಾನ್ ನೈಟ್ರೈಡ್‌ಗೆ ಮಾತ್ರ ನಡುವೆ ಒಬ್ಬ ಮಧ್ಯಸ್ಥ ಲೋಹ ಬೇಕೇ ಬೇಕು.

ಜಿರ್ಕೋನಿಯಾ ಆರಿಸಿಕೊಂಡವರು ಅದರ ಸ್ಥಿರೀಕಾರಕ (ಹರಳಿನ ರಚನೆ ಬದಲಾಗದಂತೆ ಬೆರೆಸುವ ವಸ್ತು) ಯಾವುದೆಂದು ಸರಬರಾಜುದಾರರನ್ನು ಕೇಳಿ ತಿಳಿದುಕೊಳ್ಳಬೇಕು. ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆಸಿದ ಸೂಕ್ಷ್ಮಕಣದ ಜಿರ್ಕೋನಿಯಾ ತಣ್ಣಗಿರುವಾಗ ಬಹಳ ಬಲವಾಗಿದ್ದರೂ, 200ರಿಂದ 300 ಡಿಗ್ರಿಯ ನಡುವೆ ನೀರಾವಿಯ ಸಂಪರ್ಕದಲ್ಲಿ ಅದರ ಹರಳಿನ ರಚನೆ ನಿಧಾನವಾಗಿ ಬದಲಾಗಿ ಮೈ ಸೀಳುತ್ತದೆ. ಡೀಸೆಲ್ ಉರಿದಾಗ ನೀರಾವಿ ಹುಟ್ಟುವುದರಿಂದ ಮತ್ತು ತಲೆಯ ಅಡಿಭಾಗ ಇದೇ ಉಷ್ಣತೆಯಲ್ಲಿ ಗಂಟೆಗಟ್ಟಲೆ ಇರುವುದರಿಂದ, ಇಲ್ಲಿ ಮೆಗ್ನೀಷಿಯಾದಿಂದ ಸ್ಥಿರೀಕರಿಸಿದ ದರ್ಜೆಯೇ ಸುರಕ್ಷಿತ.

ಮೊದಲ ಹೆಜ್ಜೆ: ಬಿಗಿಯ ಲೆಕ್ಕ

ನಾನು ಶಿಫಾರಸು ಮಾಡುವ ಆಕಾರ ಹೀಗಿದೆ. 12 ಮಿ.ಮೀ. ದಪ್ಪದ ಸಿರಾಮಿಕ್ ತಟ್ಟೆ, ಅದರ ಕೆಳಮುಖದ ನಡುವಿನಿಂದ ಇಳಿಯುವ 40 ಮಿ.ಮೀ. ವ್ಯಾಸದ, 20 ಮಿ.ಮೀ. ಉದ್ದದ ಕಾಂಡ, ಆ ಕಾಂಡವನ್ನು ಸುತ್ತುವರಿದು ಹಿಡಿಯುವ 64 ಮಿ.ಮೀ. ಹೊರವ್ಯಾಸದ ಲೋಹದ ಬಟ್ಟಲು. ಬಟ್ಟಲಿನ ತೂತಿಗಿಂತ ಕಾಂಡ ಕೊಂಚ ದಪ್ಪವಿರುತ್ತದೆ. ಬಟ್ಟಲನ್ನು ಕಾಯಿಸಿ ಹಿಗ್ಗಿಸಿ, ಕಾಂಡವನ್ನು ಇಳಿಬಿಟ್ಟು, ತಣಿಸಿದರೆ ಲೋಹ ಬಿಗಿದುಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ಬಂಡಿಯ ಮರದ ಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಡದಲ್ಲಿ ಕಾಯಿಸಿ ತೊಡಿಸುವ ವಿದ್ಯೆಯೇ ಇದು. ಸಿರಾಮಿಕ್ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲಕ್ಕೆ ಸೀಳುತ್ತದೆ, ಮತ್ತು ಈ ವಿಧಾನದಲ್ಲಿ ಕಾಂಡದ ಮೈಗೆ ಬಹುಪಾಲು ಅದುಮುವ ಬಲವೇ ಸಿಗುತ್ತದೆ.

ಕಾಂಡವು ತೂತಿಗಿಂತ 0.08 ಮಿ.ಮೀ. ದಪ್ಪವಿದೆ ಎಂದುಕೊಳ್ಳೋಣ, ಮತ್ತು ಓಟದಲ್ಲಿ ಜೋಡಣೆಯ ಜಾಗ 300 ಡಿಗ್ರಿ ತಲುಪುತ್ತದೆ ಎನ್ನೋಣ. ಸಿಲಿಕಾನ್ ನೈಟ್ರೈಡ್ ಕಾಂಡಕ್ಕೆ ಸಾಮಾನ್ಯ ಉಕ್ಕಿನ ಬಟ್ಟಲು ತೊಡಿಸಿದ್ದರೆ, ಎರಡರ ಹಿಗ್ಗುವಿಕೆಯ ಅಂತರ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 8.8 ಪಾಲು. ಅದನ್ನು ಕೋಣೆಯ 20 ಡಿಗ್ರಿಯಿಂದ ಆಗುವ 280 ಡಿಗ್ರಿಯ ಏರಿಕೆಗೂ 40 ಮಿ.ಮೀ. ವ್ಯಾಸಕ್ಕೂ ಗುಣಿಸಿದರೆ 0.099 ಮಿ.ಮೀ. ಬರುತ್ತದೆ. ಇದ್ದ ಬಿಗಿ 0.08 ಮಾತ್ರವಾದ್ದರಿಂದ ಬಟ್ಟಲು ಸಂಪೂರ್ಣ ಸಡಿಲವಾಗಿ ತಲೆ ಕಳಚಿಕೊಳ್ಳುತ್ತದೆ. ತಣ್ಣಗಿದ್ದಾಗ ಸುತ್ತಿಗೆಯ ಪೆಟ್ಟಿಗೂ ಅಲುಗದ ಜೋಡಣೆ ಎಂಜಿನ್ ಬಿಸಿಯೇರಿದ ಮೇಲೆ ಕೈಬಿಡುವುದು ಹೀಗೆ.

ಬಟ್ಟಲನ್ನು ಇನ್‌ಕೊಲಾಯ್ 903ರಂಥ, ಕಡಿಮೆ ಹಿಗ್ಗುವ ನಿಕ್ಕಲ್-ಕಬ್ಬಿಣ-ಕೋಬಾಲ್ಟ್ ಮಿಶ್ರಲೋಹದಿಂದ ಮಾಡಿದರೆ ಅದರ ಹಿಗ್ಗುವಿಕೆಯ ಗುಣಾಂಕ (ಮೇಲಿನ ಅದೇ ಲೆಕ್ಕದಲ್ಲಿ) ಸುಮಾರು 7.5. ಈಗ ಕಳೆದುಹೋಗುವ ಬಿಗಿ 0.048 ಮಿ.ಮೀ., ಉಳಿಯುವುದು 0.032. ಜಿರ್ಕೋನಿಯಾ ಕಾಂಡಕ್ಕೆ ಎರಕದ ಕಬ್ಬಿಣದ ಬಟ್ಟಲಾದರೆ ಕಳೆದುಹೋಗುವುದು 0.011 ಮಾತ್ರ, ಹಾಗಾಗಿ 0.06 ಮಿ.ಮೀ. ಬಿಗಿಯಿಂದ ಹೊರಟರೂ ಸಾಕು. ಅಲ್ಯೂಮಿನಿಯಂಗೆ ನೇರವಾಗಿ ಸಿಲಿಕಾನ್ ನೈಟ್ರೈಡ್ ಕಾಂಡವನ್ನು ಬಿಗಿಯುವ ಯೋಚನೆಯನ್ನು ಈ ಲೆಕ್ಕ ಮಾಡಿದವರು ಮತ್ತೆ ಮಾಡಲಾರರು.

ಉಳಿದ ಬಿಗಿ ಸಾಲುತ್ತದೆಯೇ ಎಂಬುದನ್ನೂ ನೋಡಬೇಕು. ದಪ್ಪಗೋಡೆಯ ಉರುಳೆಯ ಸೂತ್ರದಂತೆ ಲೆಕ್ಕ ಹಾಕಿದರೆ, 903ರ ಬಟ್ಟಲು ತಣ್ಣಗಿರುವಾಗ ಕಾಂಡವನ್ನು ಸುಮಾರು 100 ಮೆಗಾಪಾಸ್ಕಲ್‌ನಷ್ಟೂ, 300 ಡಿಗ್ರಿಯಲ್ಲಿ ಸುಮಾರು 40 ಮೆಗಾಪಾಸ್ಕಲ್‌ನಷ್ಟೂ ಅದುಮುತ್ತದೆ. ಘರ್ಷಣೆಯ ಗುಣಾಂಕವನ್ನು 0.1 ಎಂದು ಜಿಪುಣತನದಿಂದಲೇ ಹಿಡಿದರೂ ಬಿಸಿಯಾಗಿರುವಾಗ ಹಿಡಿತದ ಬಲ 10,000 ನ್ಯೂಟನ್ ಆಗುತ್ತದೆ. ತಲೆ ಮತ್ತು ಕಾಂಡ ಸೇರಿ ಸುಮಾರು 375 ಗ್ರಾಂ ತೂಗುತ್ತವೆ. ನಿಮಿಷಕ್ಕೆ 2000 ಸುತ್ತಿನಲ್ಲಿ, ಪಿಸ್ಟನ್ ಮೇಲ್ತುದಿ ಮುಟ್ಟಿ ಹಿಂದಿರುಗುವಾಗ ಅದರ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 3,060 ಮೀಟರ್ ಇರುವುದರಿಂದ, ತಲೆಯನ್ನು ಕೀಳಲು ನೋಡುವ ಬಲ ಸುಮಾರು 1,150 ನ್ಯೂಟನ್. ಎಂಟು ಪಟ್ಟಿಗಿಂತ ಹೆಚ್ಚಿನ ಭದ್ರತೆ ಇದೆ. ವೇಗವನ್ನು ಎರಡು ಪಟ್ಟು ಮಾಡಿದರೆ ಕೀಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಅನಿಲದ ಒತ್ತಡ ತಲೆಯನ್ನು ಕೆಳಕ್ಕೆ ತಳ್ಳುವ ಬಲ ಇದಕ್ಕಿಂತ ಬಹಳ ದೊಡ್ಡದು, 94,000 ನ್ಯೂಟನ್. ಇದನ್ನು ಬಟ್ಟಲಿನ ಮೇಲಂಚಿನ ಉಂಗುರಾಕಾರದ ಪೀಠವೇ ಹೊರಬೇಕು, ಕಾಂಡದ ತಳ ಹೊರಬಾರದು. ಕಾಂಡದ ತಳಕ್ಕೂ ಬಟ್ಟಲಿನ ತಳಕ್ಕೂ ನಡುವೆ ಸ್ಪಷ್ಟವಾದ ಸಂದು ಬಿಡಬೇಕು, ಮತ್ತು ಸಿಕ್ಕಿಬಿದ್ದ ಗಾಳಿ ಹೊರಹೋಗಲು ತಳದಲ್ಲಿ ಒಂದು ಸಣ್ಣ ತೂತು ಇರಬೇಕು.

ಎರಡನೆಯ ಹೆಜ್ಜೆ: ಆಕಾರ ಮತ್ತು ಅರೆಯುವಿಕೆ

ಇಂಥ ಜೋಡಣೆಯಲ್ಲಿ ಬಿರುಕು ಹುಟ್ಟುವ ಜಾಗ ಬಹುತೇಕ ಒಂದೇ: ಬಟ್ಟಲಿನ ಬಾಯಿ ಮುಗಿಯುವ ಕಡೆ, ಕಾಂಡದ ಮೈಮೇಲೆ. ಬಾಯಿಯ ಒಳಗೆ ಅದುಮಲ್ಪಟ್ಟ ಸಿರಾಮಿಕ್ ಬಾಯಿಯ ಹೊರಗೆ ಒಮ್ಮೆಲೇ ಸ್ವತಂತ್ರವಾಗುವುದರಿಂದ ಆ ಗೆರೆಯ ಪಕ್ಕದಲ್ಲಿ ಉದ್ದಕ್ಕೆ ಎಳೆತ ಬೀಳುತ್ತದೆ. ಕಾಂಡವು ತಟ್ಟೆಗೆ ಸೇರುವ ಮೂಲೆಯೂ ಅಲ್ಲೇ ಹತ್ತಿರವಿದ್ದರೆ ಎರಡೂ ಎಳೆತಗಳು ಕೂಡಿಕೊಳ್ಳುತ್ತವೆ. ಈ ಗೆರೆಗೆ ಮಾಡಿದ ಆರೈಕೆ ಮಿಕ್ಕೆಲ್ಲ ಕೆಲಸಕ್ಕಿಂತ ಹೆಚ್ಚು ಫಲ ಕೊಡುತ್ತದೆಂದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಕಾಂಡದ ಬುಡದಲ್ಲಿ 3 ಮಿ.ಮೀ.ಗಿಂತ ಕಡಿಮೆಯಿಲ್ಲದ ತ್ರಿಜ್ಯದ ದುಂಡನೆಯ ತಿರುವು ಇರಬೇಕು. ಬಟ್ಟಲಿನ ತೂತು ಬಾಯಿಯ ಬಳಿ ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ನಿಧಾನವಾಗಿ ಅಗಲವಾಗುತ್ತ ಹೋಗಬೇಕು, ಇದರಿಂದ ಬಿಗಿ ಒಮ್ಮೆಲೇ ನಿಲ್ಲದೆ ಕ್ರಮೇಣ ಕರಗುತ್ತದೆ. ಕಾಂಡದ ಕೆಳತುದಿಯ ಅಂಚನ್ನೂ ದುಂಡಗೆ ಮಾಡಬೇಕು. ಚೂಪಾದ 45 ಡಿಗ್ರಿ ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಲೋಹಕ್ಕೆ ಸಾಕಾಗಬಹುದು, ಸಿರಾಮಿಕ್‌ಗೆ ಅದೇ ಹೊಸ ಅಂಚಾಗುತ್ತದೆ.

ಸಿರಾಮಿಕ್ ಅನ್ನು ವಜ್ರದ ಚಕ್ರದಿಂದ ಮಾತ್ರ, ಧಾರಾಳವಾಗಿ ಕೂಲೆಂಟ್ ಹರಿಸುತ್ತ ಅರೆಯಬೇಕು. ಒರಟು ಚಕ್ರ ಬಿಟ್ಟ ಗೀರುಗಳ ಕೆಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅವನ್ನು ತೆಗೆಯಲು ಕೊನೆಯ ಕೆಲವು ನೂರಾಂಶ ಮಿಲಿಮೀಟರುಗಳನ್ನು ಸೂಕ್ಷ್ಮ ಚಕ್ರದಿಂದ ನಿಧಾನವಾಗಿ ಇಳಿಸಬೇಕು. ಕಾಂಡದ ಮೇಲೆ ಅಡ್ಡಡ್ಡಲಾಗಿ ಸುತ್ತುವ ಗೀರುಗಳು ಉದ್ದುದ್ದ ಎಳೆತಕ್ಕೆ ಬಿರುಕಿನ ಬೀಜಗಳಾಗುವುದರಿಂದ, ಅರೆದ ಬಳಿಕ ಉದ್ದಕ್ಕೆ ಲ್ಯಾಪ್ ಮಾಡಿ (ನುಣ್ಣನೆಯ ಪುಡಿಯಿಂದ ಉಜ್ಜಿ) ಮೇಲ್ಮೈ ಒರಟುತನವನ್ನು 0.2ರಿಂದ 0.4 ಮೈಕ್ರಾನಿಗೆ ತರುವುದು ಒಳ್ಳೆಯದು. ಆಮೇಲೆ ಪ್ರತಿದೀಪ್ತ ಬಣ್ಣದ ದ್ರವ ಹಚ್ಚಿ, ಅಲ್ಟ್ರಾವಯೊಲೆಟ್ ದೀಪದಡಿ ಪರೀಕ್ಷಿಸಬೇಕು. ಇಲ್ಲಿ ಗೆರೆ ಕಂಡ ತಲೆಯನ್ನು ಮುಂದಕ್ಕೆ ಕಳಿಸುವ ಪ್ರಶ್ನೆಯೇ ಇಲ್ಲ.

ತಲೆಯ ಹೊರವ್ಯಾಸ 98.8 ಮಿ.ಮೀ. ಇರಲಿ. ಸಿಲಿಕಾನ್ ನೈಟ್ರೈಡ್ 600 ಡಿಗ್ರಿಗೇರಿದರೂ ವ್ಯಾಸದಲ್ಲಿ ಹಿಗ್ಗುವುದು 0.2 ಮಿ.ಮೀ.ಗಿಂತ ಕಡಿಮೆ. ಸಿರಾಮಿಕ್ ತಲೆಯು ಲೈನರನ್ನು (ಸಿಲಿಂಡರಿನ ಒಳಗೋಡೆಯಾದ ಕೊಳವೆಯನ್ನು) ಎಂದೂ ಮುಟ್ಟಬಾರದು, ರಿಂಗ್ ಗ್ರೂವ್‌ಗಳನ್ನು ಸಿರಾಮಿಕ್‌ನಲ್ಲಿ ಕೊರೆಯಲೂಬಾರದು.

ಮೂರನೆಯ ಹೆಜ್ಜೆ: ಕಾಯಿಸಿ ತೊಡಿಸುವುದು

ಬಟ್ಟಲಿನ ಮಿಶ್ರಲೋಹಕ್ಕೆ ಹದಗೊಳಿಸುವ ಶಾಖೋಪಚಾರ ಮೊದಲೇ ಮುಗಿದಿರಬೇಕು, ಆಮೇಲೆಯೇ ತೂತಿನ ಅಂತಿಮ ಅಳತೆ. ಅಳತೆಗಳನ್ನು ಎರಡೂ ಭಾಗಗಳು ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದು ಒಂದೇ ಉಷ್ಣತೆಗೆ ಬಂದ ನಂತರ, ಮೂರು ಎತ್ತರಗಳಲ್ಲಿ ತೆಗೆದು ಬರೆದಿಡಬೇಕು.

ಬಿಗಿ 0.08, ಸರಾಗವಾಗಿ ಇಳಿಯಲು ಬೇಕಾದ ಸಡಿಲ 0.03, ಒಟ್ಟು 0.11 ಮಿ.ಮೀ. ಹಿಗ್ಗಲು 903ರ ಬಟ್ಟಲನ್ನು ಸುಮಾರು 390 ಡಿಗ್ರಿಗೆ ಕಾಯಿಸಬೇಕಾಗುತ್ತದೆ. ಜಿರ್ಕೋನಿಯಾ ಜೊತೆಯ ಎರಕದ ಕಬ್ಬಿಣಕ್ಕೆ 225 ಡಿಗ್ರಿ ಸಾಕು. ಗ್ಯಾಸ್ ಟಾರ್ಚಿನಿಂದ ಕಾಯಿಸಬಾರದು, ಒಂದು ಕಡೆ ಹೆಚ್ಚು ಬಿಸಿಯಾದ ತೂತು ದುಂಡಗಿರುವುದಿಲ್ಲ. ವಿದ್ಯುತ್ ಕುಲುಮೆಯಲ್ಲಿಟ್ಟು, ಉಷ್ಣತೆ ತಲುಪಿದ ಮೇಲೂ ಅರ್ಧ ಗಂಟೆ ಬಿಡಬೇಕು. ಸಿರಾಮಿಕ್ ಕಾಂಡವನ್ನು ದ್ರವ ಸಾರಜನಕದಲ್ಲಿ ಅದ್ದಿ ಕುಗ್ಗಿಸುವ ಸಲಹೆ ಕೆಲವರಿಂದ ಬರುತ್ತದೆ. ಸಿಲಿಕಾನ್ ನೈಟ್ರೈಡ್ ಅಷ್ಟು ತಣ್ಣಗಾದರೂ ಕುಗ್ಗುವುದು ಅತ್ಯಲ್ಪ, ಜೊತೆಗೆ ಬಿಸಿ ಲೋಹ ತಾಗಿದೊಡನೆ ಅದರ ಮೈ ಎದುರಿಸುವ ಉಷ್ಣತೆಯ ಅಂತರ ಹೆಚ್ಚುತ್ತದೆ. ಅದು ಬೇಡ. ಬದಲಾಗಿ ಸಿರಾಮಿಕ್ ಅನ್ನು 100 ಡಿಗ್ರಿಯಷ್ಟು ಬೆಚ್ಚಗೆ ಮಾಡಿಕೊಂಡು, ಬಟ್ಟಲನ್ನು ಅದಕ್ಕೆ ತಕ್ಕಂತೆ ಕೊಂಚ ಹೆಚ್ಚು ಕಾಯಿಸುವುದು ಮೇಲು.

ತೊಡಿಸುವಾಗ ಕೈಯಿಂದ ನೇರ ಹಿಡಿಯಲು ಯತ್ನಿಸದೆ, ಬಟ್ಟಲನ್ನು ಪ್ರೆಸ್ಸಿನ ಮೇಜಿನ ಮೇಲೆ ಗೈಡ್ ಉಂಗುರದೊಳಗೆ ಕೂರಿಸಿ, ತಲೆಯನ್ನು ಮೇಲಿನಿಂದ ನೇರ ಇಳಿಸಬೇಕು. ಕಾಂಡ ಅರ್ಧಕ್ಕೆ ಸಿಕ್ಕಿಕೊಂಡರೆ ಬಡಿದು ಇಳಿಸುವುದಕ್ಕಿಂತ ಆ ಭಾಗವನ್ನು ಕೈಬಿಡುವುದು ಕಡಿಮೆ ನಷ್ಟ. ಇಳಿದ ಕೂಡಲೇ ಪ್ರೆಸ್ಸಿನಿಂದ ಕೆಲವು ಸಾವಿರ ನ್ಯೂಟನ್ ಬಲ ಕೊಟ್ಟು, ಪೂರ್ತಿ ತಣಿಯುವವರೆಗೆ ಆ ಬಲವನ್ನು ಸಡಿಲಿಸಬಾರದು. ಕಾರಣ ಇಷ್ಟು: ಬಟ್ಟಲು ಸುತ್ತಳತೆಯಲ್ಲಿ ಕುಗ್ಗುವಂತೆಯೇ ಎತ್ತರದಲ್ಲೂ ಕುಗ್ಗುತ್ತದೆ. ಕಾಂಡದ ಕೆಳಭಾಗವನ್ನು ಮೊದಲು ಹಿಡಿದುಕೊಂಡು ಆಮೇಲೆ ಎತ್ತರದಲ್ಲಿ ಕುಗ್ಗಿದರೆ, ಪೀಠ ತಲೆಯಿಂದ ಕೆಳಗೆ ಸರಿದು ಕೂದಲೆಳೆಯ ಸಂದು ಉಳಿಯುತ್ತದೆ. ಆ ಸಂದಿನೊಂದಿಗೆ ಓಡಿಸಿದರೆ 94,000 ನ್ಯೂಟನ್ ಬಲ ಕಾಂಡದ ಹಿಡಿತದ ಮೇಲೆ ಬಿದ್ದು ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. ತಣಿದ ಬಳಿಕ ತೆಳುವಾದ ಫೀಲರ್ ಗೇಜ್ (ಸಂದು ಅಳೆಯುವ ಲೋಹದ ಪಟ್ಟಿ) ಎಲ್ಲಿಯೂ ತೂರದಿರುವುದನ್ನು ಸುತ್ತಲೂ ನೋಡಿ ಖಚಿತಪಡಿಸಿಕೊಳ್ಳಬೇಕು.

903ರಲ್ಲಿ ಕ್ರೋಮಿಯಂ ಇಲ್ಲದಿರುವುದರಿಂದ ಬಿಸಿಗಾಳಿಯಲ್ಲಿ ಅದು ಸುಲಭವಾಗಿ ಆಕ್ಸೈಡಾಗುತ್ತದೆ. ತೆರೆದ ಮೈಗೆ ನಿಕ್ಕಲ್ ಲೇಪನ ಅಗತ್ಯ. ಅದರ ಕಡಿಮೆ ಹಿಗ್ಗುವ ಗುಣವೂ 400 ಡಿಗ್ರಿಯ ಆಚೆಗೆ ಉಳಿಯುವುದಿಲ್ಲ, ಆದ್ದರಿಂದ ಜೋಡಣೆಯ ಜಾಗಕ್ಕೆ ಒಡಲಿನ ಕೆಳಗಿನಿಂದ ಎಣ್ಣೆಯ ಚಿಲುಮೆ ಹಾಯುವಂತೆ ಮಾಡುವುದು ಸೂಕ್ತ.

ಬ್ರೇಜಿಂಗ್ ಬೇಕಾದಾಗ

ಕಾಂಡಕ್ಕೆ ಜಾಗವಿಲ್ಲದ, ತೆಳುವಾದ ತಲೆಗಳಿಗೆ ಬ್ರೇಜಿಂಗ್, ಅಂದರೆ ನಡುವೆ ಬೇರೊಂದು ಲೋಹವನ್ನು ಕರಗಿಸಿ ಬೆಸೆಯುವುದು, ಉಳಿದಿರುವ ದಾರಿ. ಸಾಮಾನ್ಯ ಬೆಳ್ಳಿ ಬ್ರೇಜಿಂಗ್ ಲೋಹ ಸಿರಾಮಿಕ್ ಮೇಲೆ ಹರಡದೆ ಗುಂಡುಗುಂಡಾಗಿ ನಿಲ್ಲುತ್ತದೆ. ಅದಕ್ಕೆ ಒಂದೆರಡು ಶೇಕಡಾ ಟೈಟಾನಿಯಂ ಬೆರೆಸಿದರೆ, ಟೈಟಾನಿಯಂ ಸಿಲಿಕಾನ್ ನೈಟ್ರೈಡ್‌ನೊಂದಿಗೆ ರಾಸಾಯನಿಕವಾಗಿ ಬೆರೆತು ಟೈಟಾನಿಯಂ ನೈಟ್ರೈಡ್‌ನ ತೆಳುಪದರ ಕಟ್ಟುತ್ತದೆ, ಆ ಪದರದ ಮೇಲೆ ಕರಗಿದ ಬೆಳ್ಳಿ-ತಾಮ್ರ ಹರಡುತ್ತದೆ. ಬಳಕೆಯಲ್ಲಿರುವ ಒಂದು ಮಿಶ್ರಣದಲ್ಲಿ ಬೆಳ್ಳಿ 63, ತಾಮ್ರ 35.25, ಟೈಟಾನಿಯಂ 1.75 ಶೇಕಡಾ ಇದ್ದು, ಅದು 780 ಡಿಗ್ರಿಯಲ್ಲಿ ಕರಗಲಾರಂಭಿಸಿ 815ರಲ್ಲಿ ಪೂರ್ತಿ ದ್ರವವಾಗುತ್ತದೆ.

ಈ ದಾರಿಯ ತೊಡಕೆಲ್ಲ ತಣಿಯುವ ಘಟ್ಟದಲ್ಲಿದೆ. 780 ಡಿಗ್ರಿಯಲ್ಲಿ ಹೆಪ್ಪುಗಟ್ಟಿದ ಜೋಡಣೆ ಕೋಣೆಯ ಉಷ್ಣತೆಗೆ ಇಳಿಯುವಷ್ಟರಲ್ಲಿ ಉಕ್ಕು ಸಿಲಿಕಾನ್ ನೈಟ್ರೈಡ್‌ಗಿಂತ ಸಾವಿರಕ್ಕೆ ಆರು ಪಾಲಿಗೂ ಹೆಚ್ಚು ಕುಗ್ಗಲು ನೋಡುತ್ತದೆ. ಯಾವ ಪದರವೂ ಬಾಗದೆ ಇದ್ದರೆ ಅದರಿಂದ ಹುಟ್ಟುವ ಬಲ ಸಿರಾಮಿಕ್ ತಾಳುವ ಮಿತಿಯನ್ನು ಮೀರಿ ಹೋಗುತ್ತದೆ. ಆದ್ದರಿಂದ ಉಕ್ಕು ಮತ್ತು ಸಿರಾಮಿಕ್ ನಡುವೆ ಪದರಗಳನ್ನು ಇಡುತ್ತಾರೆ: ಸಿರಾಮಿಕ್‌ಗೆ ತಾಗಿ 0.5 ಮಿ.ಮೀ. ಮೆತು ತಾಮ್ರ, ನಡುವೆ 1 ಮಿ.ಮೀ. ಮಾಲಿಬ್ಡಿನಂ, ಮತ್ತೆ ತಾಮ್ರ. ಮಾಲಿಬ್ಡಿನಂನ ಗುಣಾಂಕ 5ರಷ್ಟಿದ್ದು ಸಿರಾಮಿಕ್‌ಗೆ ಸಮೀಪ, ತಾಮ್ರ ತಾನೇ ಬಾಗಿ ಬಲವನ್ನು ನುಂಗಿಕೊಳ್ಳುತ್ತದೆ. ಈ ಪದರಗಳಿಂದ ಇನ್ನೊಂದು ಉಪಯೋಗವೂ ಇದೆ. ನಿಕ್ಕಲ್ ಮತ್ತು ಕಬ್ಬಿಣ ಕರಗಿದ ಬ್ರೇಜ್‌ಗೆ ಸೇರಿಕೊಂಡರೆ ಟೈಟಾನಿಯಂ ಅವುಗಳ ಪಾಲಾಗಿ ಸಿರಾಮಿಕ್ ಕಡೆಗೆ ಹೋಗುವುದೇ ಇಲ್ಲ, ಅದನ್ನು ಈ ಗೋಡೆ ತಡೆಯುತ್ತದೆ.

ಭಾಗಗಳನ್ನು ಅಸಿಟೋನಿನಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಒಣಗಿಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. 0.05ರಿಂದ 0.1 ಮಿ.ಮೀ. ದಪ್ಪದ ಬ್ರೇಜ್ ಹಾಳೆಗಳನ್ನು ಪದರಗಳ ನಡುವೆ ಇಟ್ಟು, ಮೇಲೆ ಹಗುರವಾದ ತೂಕ ಹೇರಿ, ನಿರ್ವಾತ ಕುಲುಮೆಯಲ್ಲಿ ಒತ್ತಡ ಒಂದು ಲಕ್ಷದಲ್ಲೊಂದು ಮಿಲಿಬಾರ್‌ಗೆ ಇಳಿಯುವವರೆಗೆ ಕಾಯಬೇಕು. ನಿಮಿಷಕ್ಕೆ 10 ಡಿಗ್ರಿಯಂತೆ 750ಕ್ಕೆ ಏರಿಸಿ, ಎಲ್ಲ ಭಾಗಗಳೂ ಸಮವಾಗಲೆಂದು 20 ನಿಮಿಷ ನಿಲ್ಲಿಸಿ, ಆಮೇಲೆ 840ಕ್ಕೆ ಒಯ್ದು 5ರಿಂದ 10 ನಿಮಿಷ ಇಡಬೇಕು. ಹೆಚ್ಚು ಹೊತ್ತು ಇಟ್ಟರೆ ಪೆಡಸಾದ ಪ್ರತಿಕ್ರಿಯಾಪದರ ದಪ್ಪವಾಗುತ್ತದೆ. ತಣಿಸುವುದು ನಿಮಿಷಕ್ಕೆ 2ರಿಂದ 3 ಡಿಗ್ರಿ ಮಾತ್ರ, ಮತ್ತು 100 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಕುಲುಮೆಯ ಬಾಗಿಲು ತೆರೆಯಬಾರದು. ಹಿತ್ತಾಳೆಯ ಅಥವಾ ಸತುವಿನ ಲೇಪನವಿರುವ ಏನನ್ನೂ ಒಳಗಿಡಬಾರದು, ಸತು ಆವಿಯಾಗಿ ಕುಲುಮೆಯನ್ನೇ ಕೆಡಿಸುತ್ತದೆ.

ಎರಡು ವಿಧಾನಗಳಲ್ಲಿ ಆಯ್ಕೆ ಇದ್ದಲ್ಲೆಲ್ಲ ನಾನು ಕಾಯಿಸಿ ತೊಡಿಸುವುದನ್ನೇ ಆರಿಸುತ್ತೇನೆ. ಬ್ರೇಜ್ ಮಾಡಿದ ಜೋಡಣೆಯ ಒಳಗಿನ ಎಳೆತ ಎಷ್ಟೆಂದು ಹೊರಗಿನಿಂದ ತಿಳಿಯುವುದು ಕಷ್ಟ.

ಒಡಲಿಗೆ ಬಿಗಿಯುವುದು, ಪರೀಕ್ಷೆ, ಮೊದಲ ಓಟ

ತಲೆ ಹೊತ್ತ ಬಟ್ಟಲನ್ನು ಪಿಸ್ಟನ್ ಒಡಲಿಗೆ ಕೆಳಗಿನಿಂದ ಉದ್ದವಾದ, ಸಪೂರ ಬೋಲ್ಟುಗಳಿಂದ ಬಿಗಿಯುವುದು ಸರಿ. ದೊಡ್ಡ ಹಡಗಿನ ಎಂಜಿನ್ನುಗಳಲ್ಲಿ ಉಕ್ಕಿನ ತಲೆಯನ್ನು ಸ್ಕರ್ಟಿಗೆ ಸೇರಿಸುವುದು ಹೀಗೆಯೇ. ಉದ್ದ ಬೋಲ್ಟು ರಬ್ಬರಿನಂತೆ ತುಸು ಹಿಗ್ಗಿ, ಬಟ್ಟಲು ಮತ್ತು ಒಡಲಿನ ಹಿಗ್ಗುವಿಕೆಯ ಅಂತರವನ್ನು ತನ್ನೊಳಗೆ ಸಂಭಾಳಿಸಿಕೊಳ್ಳುತ್ತದೆ. ಒಡಲು ಎರಕದ ಕಬ್ಬಿಣ ಅಥವಾ ಉಕ್ಕಿನದಾಗಿದ್ದರೆ ಕೆಲಸ ಹಗುರ. ಅಲ್ಯೂಮಿನಿಯಂ ಆದರೆ ಬೋಲ್ಟಿನಡಿ ಡಿಸ್ಕ್ ಸ್ಪ್ರಿಂಗ್ ಕೂಡ ಬೇಕು.

ಎಂಜಿನ್ನಿಗೆ ಹಾಕುವ ಮೊದಲು ಜೋಡಣೆಯನ್ನು ಕುಲುಮೆಯಲ್ಲಿ 350 ಡಿಗ್ರಿಗೆ ಏರಿಸಿ ಇಳಿಸುವುದನ್ನು ಹತ್ತಾರು ಸಲ ಮಾಡಿ, ಪ್ರತಿ ಸುತ್ತಿನ ಕೊನೆಗೆ ಪೀಠದ ಸಂದು, ಕಾಂಡದ ಬುಡ ಎರಡನ್ನೂ ಪರೀಕ್ಷಿಸಬೇಕು. ಬ್ರೇಜ್ ಮಾಡಿದ್ದಾದರೆ ಅಲ್ಟ್ರಾಸಾನಿಕ್ ಶೋಧನೆಯಿಂದ ಅಂಟದ ಜಾಗಗಳು ಕಾಣುತ್ತವೆ. ಕೊನೆಗೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ರಬ್ಬರಿನ ದಪ್ಪ ಹಾಳೆಯ ಮೂಲಕ, ಲೆಕ್ಕದ ಅನಿಲಬಲದ ಒಂದೂವರೆ ಪಟ್ಟು ಹೇರಿ ನೋಡಬೇಕು. ಸಿರಾಮಿಕ್‌ನ ಬಲ ಒಂದು ತುಂಡಿನಿಂದ ಇನ್ನೊಂದಕ್ಕೆ ಬದಲಾಗುವುದರಿಂದ, ಸರಾಸರಿ ಅಂಕಿಯನ್ನು ನಂಬದೆ ಪ್ರತಿಯೊಂದು ತಲೆಯನ್ನೂ ಹೀಗೆ ಪರೀಕ್ಷಿಸಲೇಬೇಕು. ಪರದೆಯ ಹಿಂದೆ ನಿಂತು ಮಾಡಿ, ಒಡೆದರೆ ಚೂರುಗಳು ಸಿಡಿಯುತ್ತವೆ.

ಮಾಡಬೇಕೇ ಬೇಡವೇ ಎಂಬ ವಿಚಾರದಲ್ಲೂ ಒಂದು ಮಾತು ಹೇಳುವುದು ನ್ಯಾಯ. ಶಾಖ ಉಳಿಸಿದಷ್ಟೂ ಇಂಧನ ಉಳಿಯುತ್ತದೆಂಬ ಆರಂಭದ ನಿರೀಕ್ಷೆ ಪೂರ್ತಿ ಕೈಗೂಡಲಿಲ್ಲ. ಬಿಸಿ ಗೋಡೆಗಳು ಒಳಬರುವ ಗಾಳಿಯನ್ನು ಮೊದಲೇ ಹಿಗ್ಗಿಸಿ ಅದರ ಪ್ರಮಾಣ ಕಡಿಮೆ ಮಾಡಿದವು, ಮತ್ತು 1987ರಲ್ಲಿ ಜರ್ಮನಿಯ ವೋಷ್ನಿ ಮತ್ತು ಸಂಗಡಿಗರು ಇಂಥ ಎಂಜಿನ್ನುಗಳಲ್ಲಿ ಇಂಧನ ಉಳಿತಾಯವನ್ನೇ ಪ್ರಶ್ನಿಸುವ ಫಲಿತಾಂಶಗಳನ್ನು ಪ್ರಕಟಿಸಿದರು. 2015ರ ಟೊಯೊಟಾ 2.8 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ದಪ್ಪ ಸಿರಾಮಿಕ್ ತಲೆಯ ಬದಲು, ಅನಿಲದೊಂದಿಗೆ ಬೇಗ ಬಿಸಿಯಾಗಿ ಬೇಗ ತಣಿಯುವ ತೆಳುವಾದ ಲೇಪನ ಬಂದಿತು. ಆದರೂ ಗೋಡೆಯ ಉಷ್ಣತೆ ಉರಿಯುವಿಕೆಯನ್ನು ಹೇಗೆ ಬದಲಿಸುತ್ತದೆಂದು ಅಳೆಯುವ ಪ್ರಯೋಗಗಳಿಗೆ, ಹಾಳಾದ ತಲೆಯನ್ನಷ್ಟೇ ಬದಲಿಸಬಹುದಾದ ಇಂಥ ಜೋಡಣೆಯ ಉಪಯೋಗ ಈಗಲೂ ಇದೆ.

ಮೊದಲ ಓಟದಲ್ಲಿ ಇಂಧನವಿಲ್ಲದೆ, ಹೊರಗಿನ ಮೋಟಾರಿನಿಂದಲೇ ಎಂಜಿನ್ನನ್ನು ತಿರುಗಿಸಬೇಕು. ಆಮೇಲೆ ಇಂಜೆಕ್ಟರ್ ಕಳಚಿ, ಆ ತೂತಿನಿಂದ ಬೋರ್‌ಸ್ಕೋಪ್ (ಒಳಭಾಗ ನೋಡುವ ತೆಳು ಕೊಳವೆಯ ಉಪಕರಣ) ಇಳಿಸಿ ತಲೆಯ ಮೈ ನೋಡಬೇಕು. ಉರಿಸಲು ತೊಡಗಿದ ಮೇಲೆ ಕಾಲು ಭಾರದಲ್ಲಿ, ಅರ್ಧ ಭಾರದಲ್ಲಿ, ಪೂರ್ಣ ಭಾರದಲ್ಲಿ ಹಂತಹಂತವಾಗಿ ಓಡಿಸಿ, ಪ್ರತಿ ಹಂತದ ಬಳಿಕ ಮತ್ತೆ ನೋಡಬೇಕು. ಬಿಸಿ ಎಂಜಿನ್ನನ್ನು ಪೂರ್ಣ ಭಾರದಿಂದ ಒಮ್ಮೆಲೇ ನಿಲ್ಲಿಸದೆ ಕೆಲವು ನಿಮಿಷ ಖಾಲಿ ಓಡಿಸಿಯೇ ನಿಲ್ಲಿಸಬೇಕು. ಓಟದ ನಡುವೆ ಹೊಸದೊಂದು ಟಕಟಕ ಸದ್ದು ಕೇಳಿಸಿದರೆ ಅಥವಾ ಕ್ರಾಂಕ್‌ಕೇಸಿನಿಂದ ಹೊರಬರುವ ಅನಿಲ ಹೆಚ್ಚಿದರೆ ಕೂಡಲೇ ಇಂಧನ ನಿಲ್ಲಿಸಿ ಪಿಸ್ಟನ್ ಹೊರತೆಗೆಯಿರಿ. ಲೈನರಿಗಿಂತ ಎಷ್ಟೋ ಗಡುಸಾದ ಸಿಲಿಕಾನ್ ನೈಟ್ರೈಡ್‌ನ ಒಂದು ಚೂರು ಲೈನರನ್ನು ಉದ್ದುದ್ದ ಗೀಚಿ ಹಾಕಲು ಕೆಲವೇ ಸುತ್ತುಗಳು ಸಾಕು.